ಬಾವಿಯಿಂದ ಮೂವತ್ತೊಂದು ಹೆಜ್ಜೆ

ಇಂದಿರಾನಗರದ ಆ ಕಚೇರಿಯ ಕುರ್ಚಿಗಳು ಎಷ್ಟು ಮೆತ್ತಗಿದ್ದವೆಂದರೆ, ಒಮ್ಮೆ ಪೂರ್ತಿ ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು. ನಾನು ಅಂಚಿನಲ್ಲೇ ಕೂತೆ. ಎದುರಿಗೆ ಶಿವಾನಿ ಎಂಬ ಹುಡುಗಿ. ವಿದೇಶಾಂಗ ನೀತಿಯ ಬಗ್ಗೆ ಸಂಶೋಧನೆ ನಡೆಸುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಬಂಡಾಯ ಎದ್ದಿರುವ ದೇಶಕ್ಕೆ ಹೊರಗಿನ ಸೇನೆ ಹೋದರೆ ಏನಾಗುತ್ತದೆ ಎಂಬ ವರದಿಯನ್ನು ಬರೆಯುತ್ತಿದ್ದಳು. ಹಾಗೆ ಹೋಗಿ ಬಂದು, ಈ ಊರಿನಲ್ಲಿ ಇನ್ನೂ ಉಸಿರಾಡಿಕೊಂಡಿರುವವರನ್ನು ಹುಡುಕಿ ಮಾತಾಡಿಸುತ್ತಿದ್ದಳು. ಅವಳ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು: ನಿವೃತ್ತ ಹವಾಲ್ದಾರ್ ಹಂಪಣ್ಣ, ಸೇನೆಯ ಎಂಜಿನಿಯರ್ ದಳದ ಸ್ಯಾಪರ್, ಹೊಸ ತಿಪ್ಪಸಂದ್ರ.

"ಅಂಕಲ್, ಶ್ರೀಲಂಕಾ ಇಂಟರ್‌ವೆನ್ಷನ್‌ನಿಂದ ನೀವು ಕಲಿತ ಪಾಠ ಏನು?" ಎಂದು ಕೇಳಿದಳು.

"ಪಾಠ ಕಲಿಯೋಕೆ ಹೋಗಿರ್ಲಿಲ್ಲಮ್ಮ. ಹೋಗಿ ಅಂದ್ರು, ಹೋದ್ವಿ. ಬನ್ನಿ ಅಂದ್ರು, ಬಂದ್ವಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಎಂಬತ್ತೇಳರಲ್ಲಿ ನಮ್ಮನ್ನು ಆ ದ್ವೀಪಕ್ಕೆ ಕಳಿಸಿದ್ದು ಜಗಳ ಬಿಡಿಸಲು. ಅಲ್ಲಿನ ಸರ್ಕಾರಕ್ಕೂ ಬಂಡಾಯಗಾರರಿಗೂ ನಡುವೆ ನಿಂತುಕೊಳ್ಳಿ, ಬಂದೂಕು ಇಳಿಸಿಕೊಳ್ಳಿ ಎಂದರು. ಎರಡೇ ತಿಂಗಳಲ್ಲಿ ಬಂದೂಕುಗಳೆಲ್ಲ ನಮ್ಮ ಕಡೆಗೇ ತಿರುಗಿದವು. ಜನರನ್ನು ಕಾಯಲು ಹೋದ ನಾವು, ನಮ್ಮನ್ನು ಕಾಯ್ದುಕೊಳ್ಳಲು ಅದೇ ಜನರ ಹೊಲಗಳಲ್ಲಿ, ಕಾಲಿಟ್ಟರೆ ಸಿಡಿಯುವ ಮೈನ್ ಹೂಳಿದೆವು. ಇದನ್ನು ಪಾಠ ಎನ್ನುವುದಾದರೆ ಹೇಳಲು ನಾಲ್ಕು ಗಂಟೆ ಬೇಕಿಲ್ಲ, ನಾಲ್ಕು ವಾಕ್ಯ ಸಾಕು.

ಆಮೇಲೆ ಅವಳು ಲ್ಯಾಪ್‌ಟಾಪ್ ತಿರುಗಿಸಿ ಫೋಟೋಗಳನ್ನು ತೋರಿಸಿದಳು. ಈಗ ಆ ಊರುಗಳು ಹೇಗಿವೆ ನೋಡಿ ಎಂದಳು. ಟಾರು ರಸ್ತೆ, ಹೊಸ ಹೆಂಚಿನ ಮನೆಗಳು, ಸೈಕಲ್ ತುಳಿಯುವ ಶಾಲೆಯ ಹುಡುಗಿಯರು. ಐದನೆಯದೋ ಆರನೆಯದೋ ಫೋಟೋದಲ್ಲಿ ರಸ್ತೆ ಪಕ್ಕ ಒಂದು ಪುಟ್ಟ ಗುಡಿ, ಒಳಗೆ ಅರಿಸಿನ ಬಳಿದ ನಾಗರಕಲ್ಲು. ಹೆಡೆಯ ಎಡ ಅಂಚು ಅರ್ಧಚಂದ್ರದ ಹಾಗೆ ಒಡೆದಿತ್ತು.

ಆ ಅಂಚನ್ನು ಒಡೆದವನು ನಾನು. ಪಕ್ಕದಲ್ಲಿ ಗೂಟ ಹೊಡೆಯುವಾಗ ಹಾರೆ ಜಾರಿ ತಗುಲಿತ್ತು. ಅವತ್ತು ಕೆನ್ನೆ ಕೆನ್ನೆ ಬಡಿದುಕೊಂಡಿದ್ದೆ. ಕಲ್ಲು ಅದೇ, ಸಂಶಯವಿಲ್ಲ. ಆದರೆ ಅದು ಇದ್ದ ಜಾಗ ರಸ್ತೆಯ ಪಕ್ಕ ಅಲ್ಲವೇ ಅಲ್ಲ. ಅದರ ಬೆನ್ನಿಗೆ ತಾಳೆಮರಗಳಿರಬೇಕಿತ್ತು, ಎದುರಿಗೆ ಬಾವಿ.

"ಈ ಗುಡಿ ಹಿಂದಿನ ಜಮೀನು ಕ್ಲಿಯರ್ ಆಗಿದೆ ಅಂಕಲ್," ಶಿವಾನಿ ಹೇಳುತ್ತಿದ್ದಳು. "ಮೈನ್ ತೆಗೆಯೋರು ನಿಮ್ಮವರ ರೆಕಾರ್ಡ್ ಇಟ್ಕೊಂಡೇ ಹುಡುಕಿದ್ರಂತೆ. ರೆಕಾರ್ಡ್ ತುಂಬಾ ನೀಟಾಗಿತ್ತಂತೆ. ಒಂದೂ ಸಿಗಲಿಲ್ಲ, ಬಂಡಾಯದವರೇ ಕಿತ್ಕೊಂಡು ಹೋಗಿರ್ಬೇಕು ಅಂತ ಬರ್ದಿದಾರೆ. ಸುತ್ತ ಎಲ್ಲಾ ಜಮೀನನ್ನೂ ಜನಕ್ಕೆ ವಾಪಸ್ ಕೊಟ್ಟಿದಾರೆ. ಹದಿನೈದನೇ ತಾರೀಕಿಂದ ಟ್ರ್ಯಾಕ್ಟರ್ ಇಳಿಸ್ತಾರೆ."

ಅಂದು ತಾರೀಕು ಮೂರು. ನಾನು ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಎದ್ದುಬಿಟ್ಟೆ.

ಮೈನ್ ಹೂಳುವವನ ಕೆಲಸ ಹೂಳಿದ ಮೇಲೆ ಶುರುವಾಗುತ್ತದೆ. ಎಲ್ಲಿ ಹೂಳಿದ್ದೇವೆ ಎಂದು ಹಾಳೆಯ ಮೇಲೆ ಬರೆದಿಡಬೇಕು. ಮೊದಲು ಒಂದು ಗುರುತು, ಆ ಗುರುತಿನಿಂದ ಯಾವ ದಿಕ್ಕಿಗೆ, ಟೇಪು ಹಿಡಿದು ಎಷ್ಟು ಮೀಟರು. ಗುರುತು ಅಲ್ಲಾಡದ್ದಾಗಿರಬೇಕು. ಮರ ಕೂಡದು, ಕಡಿಯುತ್ತಾರೆ. ಬೇಲಿಗೂಟ ಕೂಡದು, ಕೀಳುತ್ತಾರೆ. ಏನೂ ಇಲ್ಲದಿದ್ದರೆ ಕಾಂಕ್ರೀಟಿನ ಕಂಬ ನೆಟ್ಟು ಅದನ್ನೇ ಗುರುತು ಮಾಡಬೇಕು. ಅವತ್ತು ನಮ್ಮ ಹತ್ತಿರ ಸಿಮೆಂಟ್ ಇರಲಿಲ್ಲ. ಹೊಲದ ಮೂಲೆಯಲ್ಲಿ ಈ ನಾಗಪ್ಪ ಕೂತಿದ್ದ.

ಕೊಪ್ಪಳದ ಕಡೆಯವನು ನಾನು. ನಮ್ಮ ಹೊಲದಲ್ಲೂ ಒಬ್ಬ ನಾಗಪ್ಪನಿದ್ದ. ಅಪ್ಪ ನೇಗಿಲನ್ನು ಅವನ ಸುತ್ತ ಬಳಸಿ ಹೊಡೆಯುತ್ತಿದ್ದ. ಅಣ್ಣತಮ್ಮಂದಿರು ಹೊಲ ಹರಿದು ಹಂಚಿಕೊಂಡಾಗಲೂ ಆ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಕಾಂಕ್ರೀಟಾದರೂ ಬಿರುಕು ಬಿಟ್ಟೀತು, ದೇವರ ಕಲ್ಲಿಗೆ ಯಾರು ಕೈ ಹಚ್ಚುತ್ತಾರೆ ಎಂದುಕೊಂಡೆ. ಆದರೆ ಗುರುತಿನ ಜಾಗದಲ್ಲಿ ದೇವರ ಹೆಸರು ಬರೆದರೆ ಸಾಹೇಬರು ಬೈಯುತ್ತಾರೆ. ಅದಕ್ಕೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದೆ: ಕಾಯಂ ಕಲ್ಲುಕಂಬ, ಎಡ ಅಂಚು ಒಡೆದಿದೆ. ಮೂರು ಸಾಲು ಮೈನ್ ಹೂಳಿದ್ದೆವು. ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಕ್ಯಾಂಪ್ ಖಾಲಿ ಮಾಡುವಾಗ ಎರಡು ಸಾಲು ಕಿತ್ತೆವು. ಮೂರನೆಯ ಸಾಲಿನ ಮೇಲೆ ಮೊಣಕಾಲುದ್ದ ಮಳೆನೀರು ನಿಂತಿತ್ತು. ಹದಿನೆಂಟು ಮೈನುಗಳನ್ನು ಅಲ್ಲೇ ಬಿಟ್ಟು, ಹಾಳೆಯನ್ನು ಒಪ್ಪಿಸಿ ಹಡಗು ಹತ್ತಿದೆವು.

ಈಗ ಯಾರೋ ಕಲ್ಲನ್ನು ಎತ್ತಿ ರಸ್ತೆ ಪಕ್ಕ ತಂದಿಟ್ಟಿದ್ದಾರೆ. ಮೈನ್ ತೆಗೆಯುವವರು ಒಡೆದ ಅಂಚನ್ನು ನೋಡಿ, ಕಾಯಂ ಎಂದು ನಾನು ಬರೆದದ್ದನ್ನು ನಂಬಿ, ಇದೇ ಗುರುತು ಎಂದು ಅಲ್ಲಿಂದ ಅಳೆದಿದ್ದಾರೆ. ಏನೂ ಸಿಗದೆ, ನೆಲ ಸ್ವಚ್ಛ ಎಂದು ಬರೆದುಕೊಟ್ಟಿದ್ದಾರೆ. ನನ್ನ ಹದಿನೆಂಟು ಬೇರೆ ಹೊಲದಲ್ಲಿ, ತಾವಿದ್ದಲ್ಲೇ ಇವೆ. ಹದಿನೈದಕ್ಕೆ ಟ್ರ್ಯಾಕ್ಟರ್.

ಮನೆಗೆ ಹೋಗಲು ಕಾಲು ಒಪ್ಪಲಿಲ್ಲ. ಹಲಸೂರು ಕೆರೆಯ ಕಡೆ ನಡೆದೆ. ಗಣಪತಿ ಬಿಡುವ ಗಡಿಬಿಡಿ. ಟೆಂಪೋಗಳಲ್ಲಿ, ಆಟೋಗಳಲ್ಲಿ, ಒಬ್ಬನ ಸ್ಕೂಟರಿನ ಮುಂದೆ ಕೂಡ ಗಣಪತಿಗಳು ಬರುತ್ತಿದ್ದವು. ಅಲ್ಲಿಂದ ಬಸ್ಸು ಹಿಡಿದು ಶಿವಾಜಿನಗರದಲ್ಲಿ ಇಳಿದರೆ ಮೇರಿಯಮ್ಮನ ಹಬ್ಬಕ್ಕೆ ಕಾವಿ ಉಟ್ಟವರ ಜಾತ್ರೆ. ಸುಮ್ಮನೆ ರಸೆಲ್ ಮಾರುಕಟ್ಟೆ ಹೊಕ್ಕು ಹೊರಬಂದೆ, ಒಂದು ನಿಂಬೆಹಣ್ಣೂ ಕೊಳ್ಳಲಿಲ್ಲ. ಆ ವಾರ ಊರಲ್ಲೆಲ್ಲ ದೇವರುಗಳೇ ಓಡಾಡುತ್ತಿದ್ದರು. ದೇವರು ಅಲ್ಲಾಡುವುದಿಲ್ಲ ಎಂದು ಕಾಯಂ ಅಂತ ಬರೆದವನು ನಾನೊಬ್ಬನೇ ಇರಬೇಕು.

ಮರುದಿನ ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋದೆ. ಅಂದು ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಸಂಜೀವಪ್ಪ ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಕೋಲಾರದವನು, ತಲೆಯಿಂದ ಪಾದದವರೆಗೆ ರಾಗಿ ಹಿಟ್ಟು. ಗಿರಣಿಯ ಸದ್ದಿನಲ್ಲಿ ಗುಟ್ಟು ಹೇಳುವುದು ಎಂಥ ಕಷ್ಟ ಎಂದು ಅವತ್ತು ಗೊತ್ತಾಯಿತು. ನಾಗರಕಲ್ಲು, ನಾಗರಕಲ್ಲು ಎಂದು ಎರಡು ಸಲ ಕೂಗಿದೆ. ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ನನ್ನ ಮುಖ ನೋಡಿದರು. ಕೊನೆಗೆ ಅವನೇ ಮಿಷನ್ ನಿಲ್ಲಿಸಿ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋದ.

ಎಲ್ಲ ಕೇಳಿ, ಕೈ ಕೊಡವಿಕೊಂಡು ಹೇಳಿದ: "ಮೂವತ್ತಾರು ವರ್ಷ ಆಯ್ತು ಗುರು. ಅಷ್ಟು ಹಳೇದು ಸಿಡಿಯುತ್ತಾ?"

"ನೀನೂ ಸ್ಯಾಪರ್ರೇ. ಸಿಡಿಯಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳು."

ಅವನು ನೆಲ ನೋಡಿದ. "ಸರಿ, ಸಿಡಿಯುತ್ತೆ. ಆದ್ರೆ ನಮ್ಮನ್ನ ಅಲ್ಲಿಗೆ ಕಳಿಸಿದವರು ಒಬ್ಬರಾದ್ರೂ ನಿದ್ದೆ ಕೆಡಿಸ್ಕೊಂಡ್ರಾ? ಸೈನ್ ಹಾಕಿದ್ರು, ಕೈ ಕುಲುಕಿದ್ರು, ಮುಗೀತು. ನೀನು ಸುಳ್ಳು ಬರ್ದೆ ಅಂತ ಈಗ ಡಂಗುರ ಹೊಡ್ದು ಏನ್ ಮಾಡ್ತೀಯ? ಭಾನುವಾರ ನಮ್ಮ ಸೆಂಟರಲ್ಲಿ ರಿಯೂನಿಯನ್ ಐತೆ. ಹೊಸ ಕ್ಲಾಸ್‌ರೂಮಲ್ಲಿ ನಿನ್ನ ಶೀಟ್ ಹಾಕಿದಾರೆ. ಪರದೆ ನಿನ್ ಕೈಲೇ ತೆಗೆಸ್ತಾರಂತೆ."

ಅದನ್ನು ಅವನು ನೆನಪಿಸಬೇಕಿರಲಿಲ್ಲ. ವಾಪಸ್ ಬಂದ ಮೇಲೆ ಎಂಟು ವರ್ಷ ನಾನು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಇದೇ ವಿದ್ಯೆ ಹೇಳಿಕೊಟ್ಟೆ. ರೆಕಾರ್ಡ್ ಶೀಟ್ ಹೇಗಿರಬೇಕು ಎನ್ನುವುದಕ್ಕೆ ಗಾಜಿನೊಳಗೆ ತೂಗುಹಾಕಿದ್ದ ಮಾದರಿ ನನ್ನದೇ, ಅದೇ ಹೊಲದ್ದು. ಅಕ್ಷರ ನೋಡಿ ಕಲೀರಿ ಎಂದು ಬೆತ್ತದಿಂದ ಅದನ್ನು ತೋರಿಸುತ್ತಿದ್ದೆ. ನನಗೆ ಪದಕ ಬಂದಿಲ್ಲ, ಸುಬೇದಾರನೂ ಆಗಲಿಲ್ಲ. ಇಡೀ ಬದುಕಿನಲ್ಲಿ ಎದೆಯುಬ್ಬಿಸಿ ತೋರಿಸಲು ನನಗಿದ್ದದ್ದು ಆ ಒಂದು ಹಾಳೆ. ಅದು ಹೋದರೆ ನಾನು ಯಾರು ಎಂಬ ಹೆದರಿಕೆ ನನಗಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

"ಶೀಟ್ ಹಾಗೇ ಇರ್ಲಿ ಬಿಡು," ಎಂದ ಸಂಜೀವಪ್ಪ. ಹೊರಗೆ ಹೋಗಿ ಮಿಷನ್ ಹಾಕಿದ. ನಾನು ಬಸ್ ಸ್ಟಾಪಿನಲ್ಲಿ ಕೂರಲಾಗದೆ ಎರಡು ಸ್ಟಾಪ್ ನಡೆದೇ ಹೋದೆ.

ಮನೆಯಲ್ಲಿ ನನ್ನ ಹೆಂಡತಿ ಶೇಷಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಸುತ್ತುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸಹಿಸಿದಳು.

"ಯಾಕ್ರೀ ಹಂಗ ತಿರಗಾಡಾಕತ್ತೀರಿ? ನಿನ್ನಿಯಿಂದ ನೋಡಾಕತ್ತೀನಿ. ಒಂದು ಕಡಿ ಕುಂದರ್ರಿ, ಇಲ್ಲಾಂದ್ರ ಏನಂತ ಹೇಳ್ರಿ."

ಹೇಳಿದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಆ ಹೊಲದ ಮಾತು ಅವಳ ಹತ್ತಿರ ಆಡಿರಲಿಲ್ಲ. ಅವಳು ಸೊಪ್ಪನ್ನು ಬದಿಗಿಟ್ಟು ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಅದಕ್ಕಿಂತ ಕಷ್ಟದ್ದನ್ನು ಕೇಳಿದಳು.

"ದೇವರ ಕಲ್ಲು ಯಾರೂ ಕೀಳಂಗಿಲ್ಲ ಅಂತ ಯಾರು ಹೇಳ್ಯಾರ ನಿಮಗ? ನಮ್ಮೂರಿಗೆ ಡ್ಯಾಮಿನ ನೀರು ಬಂದಾಗ ನಾ ಹನ್ನೆರಡು ವರ್ಷದಾಕಿ. ಮನಿ ಬಿಟ್ವಿ, ಹೊಲ ಬಿಟ್ವಿ, ಬಾಗಲಾ ಸೈತ ಬಿಟ್ವಿ. ಹಣಮಪ್ಪನ್ನ ಮಾತ್ರ ಕಿತ್ತು ಬಂಡ್ಯಾಗ ಹಾಸಿಗಿ ಹಾಸಿ ಮಲಗಿಸ್ಕೊಂಡು ಬಂದ್ವಿ. ಊರು ಬಿಟ್ಟು ಹೋಗೋರು ಮದ್ಲು ಎತ್ತೋದೇ ದೇವರನ್ನ. ನೀವು ಊರು ಬಿಟ್ಟೋರಲ್ಲ, ಇನ್ನೊಬ್ಬರ ಊರಿಗೆ ಹೋದೋರು. ನಿಮಗ ಹ್ಯಾಂಗ ತಿಳೀಬೇಕು."

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಶಿವಾನಿಯ ವರದಿಗೆ ಬೇಕಾಗಿದ್ದ ಪಾಠವನ್ನು ನಮ್ಮ ಮನೆಯಲ್ಲಿ ಶೇಷಮ್ಮ ಸೊಪ್ಪು ಬಿಡಿಸುತ್ತಾ ಹೇಳಿಬಿಟ್ಟಿದ್ದಳು. ಅವಳು ಸುಮ್ಮನಿರಲಿಲ್ಲ.

"ಆ ಕಲ್ಲು ಮದ್ಲು ಎಲ್ಲಿತ್ತು, ಈಗ ಅಲ್ಲೇನರ ಗುರ್ತು ಉಳದೇತೇನು?"

ಆಗ ಬಾವಿ ನೆನಪಾಯಿತು. ಹೊಲದ ಎದುರಿನ ಆ ಬಾವಿಯಲ್ಲಿ ದಿನಾ ಬೆಳಿಗ್ಗೆ ನೀರು ಸೇದಿ ಸ್ನಾನ ಮಾಡುತ್ತಿದ್ದೆ. ಕಟ್ಟೆಯಿಂದ ಇಳಿದು, ಹುಟ್ಟುವ ಸೂರ್ಯನಿಗೆ ನೇರ ಮುಖ ಮಾಡಿ ಹೆಜ್ಜೆ ಹಾಕಿದರೆ ನಾಗಪ್ಪನ ಮುಂದೆ ನಿಲ್ಲುತ್ತಿದ್ದೆ. ಮೂವತ್ತೊಂದು ಹೆಜ್ಜೆ. ಪರೇಡಿನಲ್ಲಿ ಕಲಿಸಿದ ಹೆಜ್ಜೆ, ಮೂವತ್ತು ಇಂಚಿನದು, ಒಂದಿಂಚು ಹೆಚ್ಚಿಲ್ಲ ಕಡಿಮೆಯಿಲ್ಲ. ಸುಮ್ಮನೆ ನಡೆಯುವಾಗಲೂ ಎಣಿಸುವ ಚಟ ಆಗ ನಮಗೆಲ್ಲ ಇತ್ತು. ಬಾವಿಯಿಂದ ಕಲ್ಲಿಗೆ ಎಷ್ಟು ಎಂಬುದನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಅದು ನನ್ನ ಕಾಲಿನಲ್ಲೇ ಉಳಿದಿತ್ತು.

ಶೇಷಮ್ಮ ಹೊಲಿಗೆಯ ಟೇಪು ತಂದಳು. ತಾರಸಿಗೆ ಹೋಗಿ ನಾನು ನಡೆದೆ, ಅವಳು ಬಗ್ಗಿ ಅಳೆದಳು. ಇಪ್ಪತ್ತಾರು ಇಂಚು ಬಂತು. ಇನ್ನೊಮ್ಮೆ ನಡೆದೆ, ಇಪ್ಪತ್ತೈದೂವರೆ.

"ಮುದುಕರಾಗೀರಿ," ಎಂದಳು. "ಆದ್ರ ಅವತ್ತಿನ ಹೆಜ್ಜಿ ಮೂವತ್ತೇ ಹೌದಲ್ಲ?"

"ಹೌದು."

"ಮತ್ತ ಅದನ್ನ ಹೇಳ್ರಿ ಹೋಗ್ರಿ. ನಿಂತು ಏನ್ ನೋಡಾಕತ್ತೀರಿ."

ಐದನೇ ತಾರೀಕು, ಕಚೇರಿ ತೆರೆಯುವ ಮೊದಲೇ ಇಂದಿರಾನಗರದ ಆ ಗೇಟಿನ ಮುಂದೆ ನಿಂತಿದ್ದೆ. ಶಿವಾನಿ ಬಂದು, ಕೇಳಿ, ನೋಟ್‌ಪುಸ್ತಕ ಮುಚ್ಚಿಟ್ಟು ಮೊದಲು ನೀರು ಕುಡಿದಳು. ಒಳ್ಳೆಯ ಹುಡುಗಿ. ನನ್ನ ಬಗ್ಗೆಯೇ ಯೋಚಿಸಿದಳು.

"ಅಂಕಲ್, ರಿಪೋರ್ಟಲ್ಲಿ ನಿಮ್ಮ ಹೆಸರು ಹಾಕಲ್ಲ. ಒಬ್ಬ ಮಾಜಿ ಸೈನಿಕ ಅಂತ ಬರಿತೀನಿ."

"ಬೇಡಮ್ಮ. ಹೆಸರು ಹಾಕು, ಊರು ಹಾಕು. ಒಂದು ಕಾಪಿ ನಮ್ಮ ಕೇಂದ್ರಕ್ಕೂ ಕಳಿಸು. ಅಲ್ಲೊಂದು ಶೀಟ್ ತೂಗುಹಾಕಿದಾರೆ, ಭಾನುವಾರದೊಳಗೆ ಅದನ್ನ ಇಳಿಸ್ಬೇಕು. ಹೆಸರಿಲ್ದೆ ಬರೆದ್ರೆ ನಂದು ಇನ್ನೊಂದು ಸುಳ್ಳು ಶೀಟ್ ಆಗುತ್ತೆ."

ಆ ಊರಿನಲ್ಲಿ ಅವಳಿಗೆ ಪರಿಚಯವಿದ್ದದ್ದು ತವಮಣಿ ಎಂಬ ಹೆಂಗಸು. ಆ ಫೋಟೋಗಳನ್ನು ಕಳಿಸಿದವಳೂ ಅವಳೇ. ಅದೇ ಊರಿನವಳು, ಆ ಹೊಲವನ್ನು ಅಳೆದು ಮುಗಿಸಿದ ಮೇಲೆ ಮೈನ್ ತೆಗೆಯುವ ತಂಡಕ್ಕೆ ಸೇರಿದವಳು. ಶಿವಾನಿ ವಿಡಿಯೋ ಕರೆ ಮಾಡಿದಳು. ತೆರೆಯ ಮೇಲೆ ಬಂದದ್ದು ನಲವತ್ತರ ಆಸುಪಾಸಿನ, ಬಿಸಿಲಿಗೆ ಕಪ್ಪಾದ ಮುಖ. ನನಗೆ ಬರುವುದು ದಂಡಿನ ತಮಿಳು, ಅವಳದು ಬೇರೆ ತಮಿಳು. ಆದರೂ ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು.

ನಾನು ಸುತ್ತಿಬಳಸಲಿಲ್ಲ. ಹಾಳೆ ಬರೆದವನು ನಾನು, ಕಂಬ ಎಂದು ಬರೆದದ್ದು ಸುಳ್ಳು, ಅದು ನಿಮ್ಮ ನಾಗರಕಲ್ಲು, ಅದು ಇದ್ದದ್ದು ಬಾವಿಯ ಪೂರ್ವಕ್ಕೆ ಎಂದೆ. ಬಾವಿ ಇನ್ನೂ ಇದೆಯೇ ಎಂದು ಕೇಳಿದೆ. ಮುಚ್ಚಿದ್ದೇವೆ, ಆದರೆ ಕಟ್ಟೆಯ ದುಂಡನೆಯ ಅಂಚು ಕಾಣುತ್ತದೆ ಎಂದಳು. ಕಟ್ಟೆಯಿಂದ ಮೂವತ್ತೊಂದು ಹೆಜ್ಜೆ, ಮೂವತ್ತು ಇಂಚಿನ ಲೆಕ್ಕ, ಅಲ್ಲಿಂದ ನಿಮ್ಮ ಹತ್ತಿರ ಇರುವ ಹಾಳೆಯ ಪ್ರಕಾರ ಅಳೆಯಿರಿ, ಮಿಕ್ಕ ಅಳತೆಗಳೆಲ್ಲ ಸರಿ ಇವೆ, ಅಲ್ಲಿಯವರೆಗೆ ಟ್ರ್ಯಾಕ್ಟರ್ ಇಳಿಸಬೇಡಿ ಎಂದೆ.

ಅವಳು ಬರೆದುಕೊಂಡಳು. ಟ್ರ್ಯಾಕ್ಟರನ್ನು ಇವತ್ತೇ ನಿಲ್ಲಿಸುತ್ತೇನೆ, ಮಿಷನ್ ತಂದು ಮತ್ತೆ ಹುಡುಕುತ್ತೇವೆ ಎಂದಳು. ನನಗೆ ಎದೆಯ ಮೇಲಿನ ಗುಂಡುಕಲ್ಲು ಇಳಿದ ಹಾಗಾಯಿತು. ಇಷ್ಟೇ ಅಲ್ಲವೇ, ಇಷ್ಟಕ್ಕೆ ಎರಡು ದಿನ ಒದ್ದಾಡಿದೆನಲ್ಲ ಎನಿಸಿತು.

"ಮೂರನೇ ಸಾಲು ಪೂರ್ತಿ ಹಾಗೇ ಇದೆ. ಹದಿನೆಂಟು," ಎಂದೆ.

"ಹದಿನೇಳು," ಎಂದಳು ತವಮಣಿ.

ನನಗೆ ತಕ್ಷಣ ತಿಳಿಯಲಿಲ್ಲ. ಅವಳು ಕಾಗದದಿಂದ ತಲೆ ಎತ್ತಿದಳು.

"ಹದಿಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಕಾಲುವೆ ಬದಿ ಒಂದು ಸಿಡಿಯಿತು. ನೀರು ಎಲ್ಲಿಂದಲೋ ಕೊಚ್ಚಿ ತಂದ ಒಂಟಿ ಮೈನ್ ಅಂತ ಬರೆದುಕೊಂಡರು. ನನ್ನ ತಮ್ಮನ ಬಲಗಾಲು, ಮೊಣಕಾಲಿನವರೆಗೆ."

ಸಾಲಿನ ಕೊನೆಯ ಮೈನ್, ಹದಿನೆಂಟನೆಯದು, ಹೊಲದ ಅಂಚಿನ ಕಾಲುವೆಯಿಂದ ಎರಡು ಮಾರು ದೂರದಲ್ಲಿತ್ತು. ಹೂತವನಿಗೆ ನೆನಪಿರುತ್ತದೆ. ಶಿವಾನಿ ನನ್ನ ಭುಜದ ಮೇಲೆ ಕೈಯಿಟ್ಟಳು, ಅದು ಬೇಡವೆನಿಸಿತು.

"ಕಲ್ಲನ್ನು ರಸ್ತೆಗೆ ತಂದವರು ನನ್ನ ಅಪ್ಪ," ತವಮಣಿ ಮುಂದುವರಿಸಿದಳು. "ಯುದ್ಧ ಮುಗಿದು ಊರಿಗೆ ಮರಳಿದಾಗ ಹೊಲದಲ್ಲಿ ಆಳೆತ್ತರ ಮುಳ್ಳು. ದೇವರು ಅನಾಥವಾಗಿ ಬಿದ್ದಿದ್ದಾನೆ ಅಂತ ಒಬ್ಬರೇ ಹೊತ್ತು ತಂದು ಗುಡಿ ಕಟ್ಟಿದರು. ಮರುವರ್ಷವೇ ತಮ್ಮನ ಕಾಲು ಹೋಯಿತು. ನಾಗರನನ್ನು ಸ್ಥಾನ ಬಿಡಿಸಿದೆ, ಅವನು ನನ್ನ ಮಗನನ್ನು ಹಿಡಿದ ಅಂದರು. ಅವತ್ತಿಂದ ತಾವೇ ಕಟ್ಟಿದ ಗುಡಿಗೆ ಕಾಲಿಟ್ಟಿಲ್ಲ. ದಿನಾ ಬಂದು ಎದುರಿನ ಮರದ ಕೆಳಗೆ ಕೂರುತ್ತಾರೆ. ತಮ್ಮನ ಜೊತೆ ಒಂದೇ ಪಂಕ್ತಿಯಲ್ಲಿ ಉಂಡಿಲ್ಲ."

ಅವಳು ಎದ್ದಳು. ತೆರೆಯ ಮೇಲೆ ನೆಲ, ಅವಳ ಚಪ್ಪಲಿ, ಒಣಹುಲ್ಲು ಸರಿಯತೊಡಗಿದವು. ನಡೆಯುತ್ತಲೇ ಹೇಳಿದಳು: "ಅಪ್ಪನಿಗೆ ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂತಾರೆ. ನೀವೇ ಹೇಳಿ."

ಮರದ ಕೆಳಗೆ ಒಬ್ಬ ಮುದುಕರು ಕೂತಿದ್ದರು. ಕಂದಯ್ಯ ಎಂದು ಅವರ ಹೆಸರು. ಮಗಳು ಫೋನನ್ನು ಅವರ ಕೈಗೆ ಕೊಟ್ಟಳು. ಅವರ ಮುಖ ತೆರೆಯ ತುಂಬ ಬಂತು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ನಾನು ಯಾವಾಗ ಎದ್ದು ನಿಂತಿದ್ದೆನೋ ಗೊತ್ತಿಲ್ಲ, ಕೈಗಳು ಪಕ್ಕಕ್ಕೆ ಅಂಟಿದ್ದವು.

"ಅಯ್ಯಾ, ನಾನು ಹಂಪಣ್ಣ. ಆಗ ಬಂದ ಸೇನೆಯಲ್ಲಿದ್ದವನು. ನೀವು ಕಲ್ಲು ಎತ್ತಿದ್ದು ತಪ್ಪಲ್ಲ. ನಾಗಪ್ಪ ಸಿಟ್ಟಾಗಿಲ್ಲ. ನಿಮ್ಮ ಮಗನ ಕಾಲು ತೆಗೆದ ಮೈನನ್ನು ಹೂತವನು ನಾನು. ಅದರ ಗುರುತನ್ನು ಸುಳ್ಳು ಬರೆದವನೂ ನಾನೇ."

ಅವರು ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದು ಕೇಳಿದರು:

"ಹೆಡೆಯ ಅಂಚು ಒಡೆದದ್ದು?"

"ಅದೂ ನಾನೇ. ಹಾರೆ ಜಾರಿತು."

"ನಾನು ಹೊರುವಾಗ ಒಡೆದೆ ಅಂದುಕೊಂಡಿದ್ದೆ," ಎಂದರು. ಆಮೇಲೆ ಮತ್ತೆ, ನನಗಲ್ಲ, ತಮಗೇ ಎಂಬಂತೆ: "ಹದಿಮೂರು ವರ್ಷ."

ಫೋನನ್ನು ಮಗಳಿಗೆ ಕೊಟ್ಟು, ಕೋಲೂರಿ ಎದ್ದರು. ತವಮಣಿ ಫೋನನ್ನು ಹಿಡಿದುಕೊಂಡೇ ನಿಂತಿದ್ದಳು. ಮುದುಕರು ರಸ್ತೆ ದಾಟಿದರು. ಗುಡಿಯ ಮೆಟ್ಟಿಲ ಹತ್ತಿರ ನಿಂತು, ಗೋಡೆ ಹಿಡಿದು, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು, ಎರಡೂ ಚಪ್ಪಲಿ ಬಿಟ್ಟರು. ನನ್ನ ಕಡೆ ತಿರುಗಿ ನೋಡಲಿಲ್ಲ. ಒಳಗೆ ಹೋದರು.